ದ್ರವವನ್ನು ನೇರವಾಗಿ ಸಿಂಪಡಿಸುವ ಸಲಹೆಯ ಬಗ್ಗೆ

ಕೀಬೋರ್ಡನ್ನು ಸ್ವಚ್ಛಗೊಳಿಸಲು ಅದರ ಮೇಲೆ ದ್ರವವನ್ನು ನೇರವಾಗಿ ಸಿಂಪಡಿಸಿ ಒರೆಸಬಹುದೆಂಬ ನಿಮ್ಮ ಲೇಖನದ ಸಲಹೆಯನ್ನು ದಯವಿಟ್ಟು ತಿದ್ದಬೇಕೆಂದು ಕೋರುತ್ತೇನೆ. ಗುಂಡಿಗಳ ಸಂದಿಯಿಂದ ಇಳಿದ ದ್ರವವು ಒಳಗಿನ ತೆಳು ಪ್ಲಾಸ್ಟಿಕ್ ಹಾಳೆಗಳ ನಡುವೆ ಸಿಕ್ಕಿಕೊಂಡರೆ ಬೇಗ ಆರುವುದಿಲ್ಲ. ಆ ಹಾಳೆಗಳ ಮೇಲಿನ ವಿದ್ಯುತ್ ಗೆರೆಗಳು ಕ್ರಮೇಣ ಕೆಟ್ಟು, ಒಂದೇ ಗೆರೆಗೆ ಸೇರಿದ ಹಲವು ಗುಂಡಿಗಳು ಒಟ್ಟಿಗೇ ಕೆಲಸ ನಿಲ್ಲಿಸಬಹುದು. ನನ್ನ ಮಗಳ ಕೀಬೋರ್ಡ್ ಹಾಳಾದದ್ದು ಹೀಗೆಯೇ. ಮೊದಲು ಯುಎಸ್‌ಬಿ ತಂತಿಯನ್ನು ಕಳಚಿ, ಬೋರಲು ಹಿಡಿದು ಮೆಲ್ಲನೆ ತಟ್ಟಿ ಧೂಳು ಉದುರಿಸಿ, ಆಮೇಲೆ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲನ್ನು (ಬೇಗ ಆರುವ ಶುಚಿಕಾರಕ ದ್ರವ) ಮೆತ್ತನೆಯ ಬಟ್ಟೆಗೆ ಹಾಕಿ, ತೊಟ್ಟಿಕ್ಕದಂತೆ ಹಿಂಡಿ ಒರೆಸುವುದು ಕ್ಷೇಮ. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್ ಬೇಡವೇ ಬೇಡ. ಅದು ಹಲವು ಕೀಬೋರ್ಡುಗಳ ಗುಂಡಿಗಳಿಗೆ ಬಳಸುವ ಎಬಿಎಸ್ ಎಂಬ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಲ್ಯಾಪ್‌ಟಾಪಿನ ಗುಂಡಿಗಳನ್ನಂತೂ ಕೀಳಲು ಹೋಗಬಾರದು, ಏಕೆಂದರೆ ಅವುಗಳ ಅಡಿಯಲ್ಲಿರುವ ಪುಟ್ಟ ಕೊಕ್ಕೆಗಳು ಬಲು ಸುಲಭವಾಗಿ ಮುರಿಯುತ್ತವೆ.