ಅಂಡರ್-10 ಮ್ಯಾಚಲ್ಲಿ ದೊಡ್ಡೋರು ಸ್ವಲ್ಪ ಸುಮ್ನಿರಿ

ಹತ್ತು ವರ್ಷದೊಳಗಿನ ಮಕ್ಕಳ ಫುಟ್ಬಾಲಿಗೆ ನಗದು ಬಹುಮಾನ, ಮೈಕಲ್ಲಿ ಕಾಮೆಂಟ್ರಿ, ಮಕ್ಕಳಿಗಿಂತ ಎತ್ತರದ ಟ್ರೋಫಿ, ಇದೆಲ್ಲ ಎಂತಕ್ಕೆ? ಕಾರವಾರದಲ್ಲಿ ಫುಟ್ಬಾಲ್ ಹುಚ್ಚು ಇರೋದು ಖುಷಿನೇ, ಕಾಳಿ ನದಿ ದಾಟಿ ಸ್ವಲ್ಪ ಹೋದ್ರೆ ಗೋವಾ, ಆ ಗಾಳಿ ನಮಗೂ ತಾಗ್ತದೆ. ಆದ್ರೆ ಈಗ ಮಕ್ಕಳ ಮ್ಯಾಚಲ್ಲಿ ಆಡೋದು ಮಕ್ಕಳು, ಗೆಲ್ಲಬೇಕಾಗಿರೋದು ಮಾತ್ರ ಗೆರೆ ಆಚೆ ನಿಂತವರಿಗೆ.

ಮೊನ್ನೆ ಒಂದು ಮ್ಯಾಚ್ ನೋಡ್ದೆ. ಗೋಲ್‌ಕೀಪರ್ ಹುಡುಗನಿಗೆ ಎಂಟು ವರ್ಷ ಇರ್ಬೇಕು, ಗ್ಲೌಸ್ ಕೈಯಿಂದ ಜಾರ್ತಾ ಇತ್ತು. ಅವನನ್ನ ನಿಲ್ಲಿಸಿದ್ದು ದೊಡ್ಡೋರ ಗೋಲಲ್ಲಿ, 7.32 ಮೀಟರ್ ಅಗಲ, 2.44 ಮೀಟರ್ ಎತ್ತರ, ಅವ ಎಷ್ಟು ಹಾರಿದ್ರೂ ಬಾರ್ ಸಿಗೋದಿಲ್ಲ. ತಲೆ ಮೇಲಿಂದ ಬಾಲ್ ಒಳಗೆ ಹೋಯ್ತು, ನೆಟ್ ಹಿಂದೆ ನಿಂತಿದ್ದ ಅಪ್ಪ "ಎಂತಾ ನೋಡ್ತಾ ನಿಂತಿದ್ದೀಯೋ, ಕೈ ಎತ್ತೋಕೆ ಆಗಲ್ವಾ" ಅಂತ ಎಲ್ಲರೆದುರೇ ಬೈದ್ರು. ಅಲ್ಲಿಂದ ಆ ಹುಡುಗ ಬಾಲ್ ನೋಡೋದು ಬಿಟ್ಟು ತಿರುಗಿ ತಿರುಗಿ ಅಪ್ಪನ ಮುಖ ನೋಡೋಕೆ ಶುರು ಮಾಡ್ದ, ಮತ್ತೆ ಗೋಲ್ ಆಗದೆ ಇರ್ತದಾ? ಆಚೆಯಿಂದ ಕೋಚ್ ಪಾಸ್ ಕೊಡು ಅಂತಾರೆ, ಈಚೆಯಿಂದ ಯಾರದ್ದೋ ಮಾಮ "ಮಾರ್ ರೇ ಮಾರ್", ಅಂದ್ರೆ ಹೊಡಿಯೋ ಹೊಡಿ ಅಂತಾರೆ, ಬಾಲ್ ಕಾಲಲ್ಲಿರೋ ಮಗು ತಾನೇ ಯೋಚನೆ ಮಾಡೋದು ಯಾವಾಗ ಹೇಳಿ. ಇನ್ನು ಬೆಂಚಲ್ಲಿ ಫುಲ್ ಕಿಟ್ ಹಾಕ್ಕೊಂಡು ಕೂತ ಮಕ್ಕಳನ್ನ ಒಂದು ನಿಮಿಷಕ್ಕೂ ಇಳಿಸ್ಲಿಲ್ಲ.

ಅವರಲ್ಲಿ ಸುಮಾರು ಜನ ಸಣ್ಣ ಮೈಕಟ್ಟಿನವರು. ಒಂದೇ ವರ್ಷ ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರಲ್ಲಿ ಹುಟ್ಟಿದವನಿಗೂ ಹತ್ತಿರ ಹತ್ತಿರ ವರ್ಷದ ಫರಕು, ಆ ವಯಸ್ಸಲ್ಲಿ ಅದು ಬಹಳ. ಮೈಗಟ್ಟಿ ಇದ್ದವನನ್ನ ಟ್ಯಾಲೆಂಟ್ ಅಂತ ಆರಿಸ್ತೀವಿ, ಉಳಿದವರು ಆಟನೇ ಬಿಡ್ತಾರೆ.

ಹೀಗೆ ಮಾಡಿದ್ರೇ ಪ್ಲೇಯರ್ಸ್ ಹುಟ್ಟೋದು ಅನ್ನೋರು ಜರ್ಮನಿ ನೋಡಿ, ನಾಲ್ಕು ವಿಶ್ವಕಪ್ ಗೆದ್ದ ದೇಶ. 2024-25ರಿಂದ ಅಲ್ಲಿ ತೀರಾ ಸಣ್ಣ ಮಕ್ಕಳಿಗೆ ಇಬ್ಬಿಬ್ಬರು ಇಲ್ಲ ಮೂರ್ಮೂರು ಜನರ ಆಟ, ಪುಟ್ಟ ಗೋಲು, ಪಾಯಿಂಟ್ ಟೇಬಲ್ ಇಲ್ಲ, ಎಲ್ಲರಿಗೂ ಬಾಲ್ ಸಿಗ್ತದೆ. ನಾರ್ವೆಯಲ್ಲಿ ಹದಿಮೂರು ತುಂಬೋವರೆಗೆ ನ್ಯಾಷನಲ್ ಚಾಂಪಿಯನ್‌ಶಿಪ್ಪೇ ಇಲ್ಲ. ನಮ್ಮ ದೇಶದಲ್ಲೂ ಫುಟ್ಬಾಲ್ ಫೆಡರೇಶನ್ನು 2018ರಲ್ಲೇ ಗೋಲ್ಡನ್ ಬೇಬಿ ಲೀಗ್ ಅಂತ ಮಕ್ಕಳಿಗೆ ಸಣ್ಣ ಮೈದಾನ ಸಣ್ಣ ಟೀಮಿನ ಆಟ ತಂದಿತ್ತು, ಹೊಸದಾಗಿ ಕಂಡುಹಿಡಿಯೋದು ಏನೂ ಇಲ್ಲ.

ಅಷ್ಟು ದೂರ ಬೇಡ ಅಂದ್ರೆ ಸಂಜೆ ಟಾಗೋರ್ ಬೀಚಿಗೆ ಬನ್ನಿ. ಚಪ್ಪಲಿ ಇಟ್ಟು ಗೋಲ್ ಮಾಡ್ಕೊಂಡು ಮಕ್ಕಳು ಆಡ್ತಾ ಇರ್ತವೆ, ಒಂದು ಟೀಮು ತುಂಬ ಜೋರಾದ್ರೆ "ಏ ನೀ ಈ ಕಡೆ ಬಾರೋ" ಅಂತ ಅವೇ ಆಳು ಬದಲಾಯಿಸ್ಕೊಳ್ತವೆ, ಫೌಲಿಗೆ ಜಗಳ ಆಡ್ತವೆ, ಎರಡು ನಿಮಿಷದಲ್ಲಿ ಮತ್ತೆ ಆಟ. ಅಲ್ಲಿ ಬೈಯೋರಿಲ್ಲ, ಕತ್ತಲಾದ್ರೂ ಒಬ್ಬನೂ ಮನೆಗೆ ಹೊರಡೋದಿಲ್ಲ.

ಈ ಸಲ ಮಳೆ ನಿಂತ ಮೇಲೆ ಮಕ್ಕಳ ಟೂರ್ನಮೆಂಟ್ ಮಾಡೋರಿಗೆ ಕೈ ಮುಗಿದು ಕೇಳ್ಕೊಳ್ತೇನೆ: ಸಣ್ಣ ಗೋಲ್ ಇಡಿ, ಬಂದ ಪ್ರತಿ ಮಗುವಿಗೂ ಅರ್ಧ ಆಟ ಆದ್ರೂ ಕೊಡಿ, ಗೋಲ್ ಹಿಂದೆ ಯಾರನ್ನೂ ನಿಲ್ಲಿಸಬೇಡಿ. ಪೈಪಲ್ಲಿ ಗೋಲ್ ಪೋಸ್ಟ್ ಮಾಡಿಸೋ ಖರ್ಚು ನನ್ನದು, ಕಾಮೆಂಟಲ್ಲಿ ಹೇಳಿ.