ಅಮ್ಮನ ಕೈ ಸಡಿಲವಾದ ಟರ್ಮಿನಲ್

ವಿಮಾನ ನಿಲ್ದಾಣದ ಟರ್ಮಿನಲ್ ಕಟ್ಟುವಾಗ ಪ್ರಯಾಣಿಕರ ನೆಮ್ಮದಿ ಮೊದಲು ಅನ್ನುವ ಮಾತು ಓದಿದೆ. ನೂರಕ್ಕೆ ನೂರು ನಿಜ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಟರ್ಮಿನಲ್ 2ರಿಂದಲೇ ಅಮ್ಮ ಮೊದಲ ಸಲ ವಿಮಾನ ಹತ್ತಿದ್ದು. ಭಯದಿಂದ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಬಿದಿರಿನ ಚಾವಣಿ, ಮೇಲಿಂದ ಗಂಟೆಯ ಹಾಗೆ ತೂಗುವ ಗಿಡಗಳು ಕಂಡಿದ್ದೇ ತಡ, ಹಿಡಿತ ಸಡಿಲವಾಯಿತು. 'ಲಾಲ್‌ಬಾಗ್‌ಗೆ ಬಂದ ಹಾಗಿದೆಯಲ್ಲ!' ಅಂದರು.

ಒಂದು ಮಾತು ಮಾತ್ರ ಹೇಳಲೇಬೇಕು. ಯಾವುದೇ ದೊಡ್ಡ ಟರ್ಮಿನಲ್‌ನಲ್ಲಿ ಗೇಟಿನವರೆಗೆ ನಡೆಯುವುದು ಜಾಸ್ತಿ. ಮಂಡಿನೋವು ಇರುವವರು ಗಾಲಿಕುರ್ಚಿ ಕೇಳಲು ಸಂಕೋಚಪಡುತ್ತಾರೆ. ಕೈಯೂರಿ ಏಳುವಂಥ ಕುರ್ಚಿಗಳು ದಾರಿಯುದ್ದಕ್ಕೂ ಇರಬೇಕು. ಬೋರ್ಡುಗಳಲ್ಲಿ ಕನ್ನಡ ಅಕ್ಷರ ದೊಡ್ಡದಾಗಿರಬೇಕು, ಅಲ್ವಾ? ಆಗ ಅಮ್ಮನಂಥವರು ಯಾರನ್ನೂ ಕೇಳದೆ ತಾವೇ ಗೇಟ್ ಹುಡುಕಿಕೊಂಡು ಹೋಗುತ್ತಾರೆ.