ತಪ್ಪು ಯಾರದೆಂದು ತೀರ್ಮಾನವಾಗುವವರೆಗೂ ಒಲೆ ಉರಿಯಬೇಕಲ್ಲ

ಶಿರಾಡಿ ಘಾಟಿಯಲ್ಲೋ ಚಾರ್ಮಾಡಿಯ ತಿರುವಿನಲ್ಲೋ ಬೈಕಿಗೆ ಲಾರಿ ತಾಗಿ ಒಬ್ಬರ ಕಾಲು ಮುರಿಯಿತು ಎನ್ನಿ. ಹಾಸನಕ್ಕೆ ಸಾಗಿಸಿ, ರಾಡ್ ಹಾಕಿಸಿ, ಮನೆಗೆ ಕರೆತಂದಿದ್ದಾಯಿತು. ಇನ್ನು ಆರು ತಿಂಗಳು ಕಾಲೂರುವ ಹಾಗಿಲ್ಲ. ಅಷ್ಟು ದಿನ ಸಂಸಾರ ಹೇಗೆ ನಡೆಯಬೇಕು? ‘ಎಂವಿಸಿ ಕೇಸ್ ಹಾಕಿ, ದುಡ್ಡು ಬರುತ್ತೆ’ ಎನ್ನುತ್ತಾರೆ ಊರಿನವರು; ವಾಹನ ಅಪಘಾತ ಪರಿಹಾರದ ಅರ್ಜಿಗೆ ಅವರು ಹೇಳುವ ಹೆಸರು ಅದು. ಬರುವುದೇನೋ ಹೌದು. ಅಷ್ಟರಲ್ಲಿ ಸಂಘದ ಸಾಲ, ಒಡವೆ ಅಡ, ಮಕ್ಕಳ ಫೀಸು ಬಾಕಿ ಎಲ್ಲವೂ ಆಗಿಹೋಗಿರುತ್ತವೆ.

ನಾನು ಈಗ ಇರುವುದು ನ್ಯೂಜಿಲೆಂಡಿನಲ್ಲಿ. ಇಲ್ಲಿ ಇದೇ ಅಪಘಾತವಾದರೆ ಕೋರ್ಟಿನ ಮಾತೇ ಇಲ್ಲ. 1974ರ ಏಪ್ರಿಲ್ 1ರಿಂದ ಎಸಿಸಿ (ಅಪಘಾತ ಪರಿಹಾರ ನಿಗಮ) ಎಂಬ ಸರ್ಕಾರಿ ಸಂಸ್ಥೆಯ ವ್ಯವಸ್ಥೆ ನಡೆದುಬಂದಿದೆ. ಗಾಯಾಳುವನ್ನು ನೋಡಿದ ವೈದ್ಯರೋ ಫಿಸಿಯೋಥೆರಪಿಸ್ಟೋ ಅಲ್ಲೇ ಕ್ಲೇಮ್ ಅರ್ಜಿ ತುಂಬಿ ಕಳಿಸುತ್ತಾರೆ. ದುಡಿಯುವವರಾದರೆ, ಎರಡನೇ ವಾರದಿಂದ ಅವರ ಗಳಿಕೆಯ ಶೇ 80ರಷ್ಟು ವಾರವಾರ ಖಾತೆಗೆ ಬೀಳುತ್ತದೆ. ಕೆಲಸದ ಜಾಗದಲ್ಲೇ ಪೆಟ್ಟಾಗಿದ್ದರೆ ಮೊದಲ ವಾರದ ಶೇ 80 ಮಾಲೀಕರ ಹೊಣೆ. ವಾರಕ್ಕೆ 1,200 ಡಾಲರ್ ದುಡಿಯುತ್ತಿದ್ದವರಿಗೆ 960 ಡಾಲರ್. ತಪ್ಪು ಲಾರಿಯವನದೋ ಬೈಕಿನವನದೋ ಎಂದು ಎಸಿಸಿ ಕೇಳುವುದಿಲ್ಲ. ಅಡ್ಡಾದಿಡ್ಡಿ ಓಡಿಸಿದವರ ಮೇಲಿನ ಕೇಸು ಪೊಲೀಸರ ಪಾಡಿಗೆ ಬೇರೆ ನಡೆಯುತ್ತದೆ. ಇದಕ್ಕೆ ಬೇಕಾದ ಹಣ ಸಂಬಳ, ಮಾಲೀಕರು, ಪೆಟ್ರೋಲ್, ವಾಹನ ನೋಂದಣಿ ಇವುಗಳ ಮೇಲಿನ ಲೆವಿಯಿಂದ ಬರುತ್ತದೆ. ವಾಹನ ವಿಮೆ ಈ ದೇಶದಲ್ಲಿ ಕಡ್ಡಾಯವೇ ಅಲ್ಲ ಎಂದರೆ ನಮ್ಮವರಿಗೆ ನಂಬುವುದು ಕಷ್ಟ.

ಹಾಗೆಂದು ಎಲ್ಲದರಲ್ಲೂ ಇದೇ ಮೇಲು ಎನ್ನಲಾರೆ. ಎಸಿಸಿ ಬಂದ ಮೇಲೆ ಗಾಯಕ್ಕಾಗಿ ನಷ್ಟಪರಿಹಾರದ ದಾವೆ ಹೂಡುವ ಹಕ್ಕು ಹೋಯಿತು. ನೋವು, ಯಾತನೆಗೆಂದು ಪ್ರತ್ಯೇಕ ಮೊತ್ತವಿಲ್ಲ. ಶಾಶ್ವತ ಊನ ಶೇ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಒಂದು ಇಡಿಗಂಟು. ಬೆನ್ನು, ಭುಜದ ನೋವಿನ ಕ್ಲೇಮುಗಳನ್ನು ‘ಇದು ವಯಸ್ಸಿನ ಸವೆತ, ಅಪಘಾತದ್ದಲ್ಲ’ ಎಂದು ತಳ್ಳಿಹಾಕುವುದುಂಟು. ಆಗ ಮೂರು ತಿಂಗಳೊಳಗೆ ಮರುಪರಿಶೀಲನೆ ಕೇಳಬೇಕು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಸಂಬಳವಿಲ್ಲದ ಗೃಹಿಣಿಗೆ ವಾರದ ಹಣವಿಲ್ಲ. ಮನೆಗೆಲಸಕ್ಕೆ ಜನ ಕಳಿಸಿಕೊಟ್ಟಾರು, ಅವಳ ದುಡಿಮೆಗೆ ಬೆಲೆ ಕಟ್ಟುವುದಿಲ್ಲ. ಈ ವಿಷಯದಲ್ಲಿ ಅಪಘಾತ ಪರಿಹಾರ ತೀರ್ಮಾನಿಸುವ ನಮ್ಮ ನ್ಯಾಯಮಂಡಳಿಗಳೇ ಮುಂದೆ: ಗೃಹಿಣಿಯ ಕೆಲಸಕ್ಕೆ ಆದಾಯ ಲೆಕ್ಕ ಹಿಡಿಯಲೇಬೇಕು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಒತ್ತಿ ಹೇಳಿದೆ.

ನಮ್ಮಲ್ಲಿ ಕಾನೂನು ಕೆಟ್ಟಿಲ್ಲ. ನಷ್ಟವನ್ನೆಲ್ಲ ಗಾಯಾಳುವೇ ಕಾಗದದಲ್ಲಿ ಸಾಬೀತು ಮಾಡಬೇಕು, ಆ ಕಾಗದ ಹುಟ್ಟುವ ಹೊತ್ತಿಗೆ ಆತ ಪ್ರಜ್ಞೆಯಿಲ್ಲದೆ ಮಲಗಿರುತ್ತಾನೆ. ತೊಡಕು ಇರುವುದು ಅಲ್ಲಿ. ಆದ್ದರಿಂದ ಮೊದಲ ಎರಡು ದಿನದಲ್ಲಿ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮೊದಲನೆಯದು ಆಸ್ಪತ್ರೆಯವರು ಪೊಲೀಸರಿಗಾಗಿ ಬರೆದಿಡುವ ಎಂಎಲ್‌ಸಿ ದಾಖಲೆ. ಗಾಬರಿಯಲ್ಲಿ ಜೊತೆಗೆ ಬಂದವರು ‘ಬೈಕಿಂದ ಬಿದ್ದ್ರು’ ಎಂದುಬಿಡುತ್ತಾರೆ, ಡ್ಯೂಟಿ ಡಾಕ್ಟರು ಹಾಗೇ ಬರೆದುಕೊಳ್ಳುತ್ತಾರೆ. ವಾರದ ಮೇಲೆ ಎಫ್‌ಐಆರ್‌ನಲ್ಲಿ ಲಾರಿ ನಂಬರು ಬರುತ್ತದೆ. ವಿಮಾ ಕಂಪನಿಯ ವಕೀಲರಿಗೆ ಇಷ್ಟು ಸಾಕು: ತಾನೇ ಬಿದ್ದದ್ದು, ಪರಿಹಾರಕ್ಕಾಗಿ ಲಾರಿಯನ್ನು ಆಮೇಲೆ ತಂದು ಸೇರಿಸಿದ್ದು ಎಂಬ ವಾದ ಸಿದ್ಧವಾಗುತ್ತದೆ. ಹಾಗಾಗಿ ಯಾವ ವಾಹನ, ಯಾವ ದಿಕ್ಕಿನಿಂದ, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಮೊದಲ ಆಸ್ಪತ್ರೆಯಲ್ಲೇ ಸರಿಯಾಗಿ ಬರೆಸಬೇಕು. ಸಕಲೇಶಪುರದಲ್ಲಿ ಪ್ರಥಮ ಚಿಕಿತ್ಸೆ ಮಾಡಿಸಿ ಹಾಸನಕ್ಕೋ ಮಂಗಳೂರಿಗೋ ಹೋದವರು ಮೊದಲ ಆಸ್ಪತ್ರೆಯ ಚೀಟಿಯನ್ನು ಬಿಸಾಡಬಾರದು. ನಡುವೆ ಒಂದು ಕೊಂಡಿ ತಪ್ಪಿದರೂ ಪ್ರಶ್ನೆ ಏಳುತ್ತದೆ. ತುರ್ತು ಖರ್ಚಿಗೆ 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆಯಿದೆ: ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿಯವರೆಗೆ. ದಾಖಲು ಮಾಡುವಾಗಲೇ ಕೇಳಿ.

ಆಮೇಲಿನ ಕಾಗದಗಳು ಸ್ಟೇಷನ್ನಿನವು: ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಕೊನೆಗೆ ಚಾರ್ಜ್‌ಶೀಟ್. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ಗಾಯಾಳುವಿನ ಹಕ್ಕುಗಳ ಪತ್ರ ನಮೂನೆ 2ರಲ್ಲಿದೆ, ಅದನ್ನು ಪೊಲೀಸರೇ ಕೊಡಬೇಕು. ಮೋಟಾರು ವಾಹನ ಕಾಯ್ದೆಯ 166(4)ನೇ ಕಲಮಿನ ಪ್ರಕಾರ ಪೊಲೀಸರ ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ನ್ಯಾಯಮಂಡಳಿ ಪರಿಗಣಿಸಬೇಕು. ನ್ಯೂಜಿಲೆಂಡಿನಲ್ಲಿ ವೈದ್ಯರು ಮಾಡುವ ಕೆಲಸವನ್ನು ನಮ್ಮಲ್ಲಿ ಪೊಲೀಸರಿಗೆ ವಹಿಸಿದ್ದಾರೆ ಎಂದಾಯಿತು. ಹಾಗೆಂದು ಅದನ್ನೇ ನೆಚ್ಚಿ ಕೂರಬೇಡಿ. ಈ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಅರ್ಜಿಗೆ ಆರು ತಿಂಗಳ ಗಡುವನ್ನೂ ತಂದಿದೆ. ಆ ಗಡುವನ್ನು ಪ್ರಶ್ನಿಸಿದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿದೆಯೆಂಬುದು ನಿಜ, ಆದರೂ ಆರು ತಿಂಗಳೊಳಗೆ ಹಾಕಿದ ಅರ್ಜಿಗೆ ಆ ಚಿಂತೆಯೇ ಇಲ್ಲ.

ಅರ್ಜಿಯನ್ನು ಅಪಘಾತವಾದ ಜಾಗದಲ್ಲೇ ಹಾಕಬೇಕೆಂದಿಲ್ಲ. ಚಾರ್ಮಾಡಿಯಲ್ಲಿ ಗಾಯಗೊಂಡ ರಾಯಚೂರಿನ ಕೂಲಿಯಾಳು ರಾಯಚೂರಿನಲ್ಲೇ ಹಾಕಬಹುದು. ಡಿಕ್ಕಿ ಹೊಡೆದ ವಾಹನ ಪತ್ತೆಯೇ ಆಗದಿದ್ದರೆ ದಾರಿ ಬೇರೆ, ‘ಹಿಟ್ ಅಂಡ್ ರನ್’ ಪರಿಹಾರ ಯೋಜನೆ: ಗಂಭೀರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ. ಮೊತ್ತ ಸಣ್ಣದು, ಆದರೆ ಕೇಳದೆ ಬಿಡುವವರೇ ಹೆಚ್ಚು.

ಈಗ ಲೆಕ್ಕಕ್ಕೆ ಬರೋಣ. ಮೋಸಹೋಗುವುದು ಇಲ್ಲೇ. ಬೇಲೂರಿನ ಕಡೆಯ 32 ವರ್ಷದ ಪಿಕಪ್ ಚಾಲಕ, ತಿಂಗಳ ದುಡಿಮೆ 15,000 ಎಂದುಕೊಳ್ಳಿ. 40 ವರ್ಷದೊಳಗಿನ ಸ್ವಂತ ದುಡಿಮೆಗಾರನಿಗೆ ಮುಂದಿನ ಏರಿಕೆಯೆಂದು ಶೇ 40 ಸೇರಿಸಬೇಕು, 21,000 ಆಯಿತು. ವರ್ಷದ ಗಳಿಕೆಯನ್ನು ಗುಣಿಸುವ ಸಂಖ್ಯೆ, ಅಂದರೆ ಗುಣಕ, 31ರಿಂದ 35ರ ವಯಸ್ಸಿಗೆ 16. ಡಾಕ್ಟರು ಬಲಗಾಲಿಗೆ ಶೇ 40 ಊನ ಎಂದು ಬರೆದುಕೊಟ್ಟಿದ್ದಾರೆ. ನಮ್ಮ ನ್ಯಾಯಮಂಡಳಿಗಳಲ್ಲಿ ಅಂಗದ ಊನದ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿಯುವ ರೂಢಿಯಿದೆ, ಅಂದರೆ ಸುಮಾರು ಶೇ 13. 21,000 × 12 × 16 × ಶೇ 13 = 5,24,160 ರೂಪಾಯಿ. ಆದರೆ 2010ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ: ಅಂಗಕ್ಕೆ ಎಷ್ಟು ಊನ ಎಂಬುದಲ್ಲ, ಆತನ ಕಸುಬಿಗೆ ಎಷ್ಟು ಊನ ಎಂಬುದನ್ನು ನೋಡಬೇಕು. ಬ್ರೇಕ್ ಒತ್ತಲಾಗದ ಬಲಗಾಲಿನಿಂದ ಚಾಲಕನ ಗಳಿಕೆ ಶೇ 40 ಕುಸಿದಿದೆ ಎಂದು ಸಾಬೀತಾದರೆ ಅದೇ ಲೆಕ್ಕ 16,12,800 ಆಗುತ್ತದೆ. ಹನ್ನೊಂದು ಲಕ್ಷದ ಈ ಅಂತರವನ್ನು ತೀರ್ಮಾನಿಸುವುದು ಡಾಕ್ಟರ ಸಾಕ್ಷ್ಯ. ಸರ್ಟಿಫಿಕೇಟು ಹಾಜರುಪಡಿಸಿದರೆ ಸಾಲದು. ಆಪರೇಷನ್ ಮಾಡಿದ ವೈದ್ಯರನ್ನೇ ಸಾಕ್ಷಿಗೆ ಕರೆಸಿ, ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ, ಬ್ರೇಕು ಒತ್ತಲು ಆಗುತ್ತದೆಯೇ, ರಾಡ್ ತೆಗೆಯಲು ಮುಂದೆ ಎಷ್ಟು ಖರ್ಚು ಎಂಬುದನ್ನು ಹೇಳಿಸಬೇಕು. ಚಿಕಿತ್ಸೆ ಕೊಡದ ವೈದ್ಯರಿಂದ ಒಂದೇ ಸಲ ನೋಡಿಸಿ ತಂದ ಸರ್ಟಿಫಿಕೇಟು ಪಾಟೀಸವಾಲಿನಲ್ಲಿ ನಿಲ್ಲುವುದು ಕಷ್ಟ.

ಆದಾಯದ ದಾಖಲೆಯಿಲ್ಲದಿದ್ದರೆ ಆ 15,000ವೂ ಸಿಗದೆ ಅಂದಾಜಿನ ಮೊತ್ತವೇ ಗಟ್ಟಿಯಾಗುತ್ತದೆ. ನಮ್ಮ ಕಡೆ ದಾಖಲೆಗಳಿಗೆ ಬರವಿಲ್ಲ, ಅವನ್ನು ದಾಖಲೆಯೆಂದು ಯಾರೂ ಎಣಿಸುವುದಿಲ್ಲ, ಅಷ್ಟೆ. ತೋಟದ ಹಾಜರಿ ಪಟ್ಟಿಯಾದ ಚೆಕ್‌ರೋಲಿನ ಪ್ರತಿ, ಬಟವಾಡೆ ಪುಸ್ತಕ, ಕಾಫಿ ಕ್ಯೂರಿಂಗ್ ವರ್ಕ್ಸಿನ ಬಿಲ್ಲು, ಎಪಿಎಂಸಿ ಆಲೂಗಡ್ಡೆ ಚೀಟಿ, ಡೇರಿಯ ಪಾಸ್‌ಬುಕ್ ಇವೆಲ್ಲ ಸಾಕ್ಷ್ಯ. ಎಷ್ಟೋ ಹೆಣ್ಣುಮಕ್ಕಳ ದುಡಿಮೆಗೆ ಲಿಖಿತ ಪುರಾವೆ ಎಂದರೆ ಆ ಹಾಲಿನ ಪುಸ್ತಕವೊಂದೇ. ಜಮೀನು ಉಳ್ಳವರಿಗೆ ಇನ್ನೊಂದು ಕಷ್ಟ: ‘ಜಮೀನು ಎಲ್ಲೂ ಹೋಗಿಲ್ಲ, ಬೆಳೆ ಬರುತ್ತಲೇ ಇದೆ, ನಷ್ಟವೇನು?’ ಎನ್ನುತ್ತಾರೆ. ಬರಿಯ ಪಹಣಿ ಇದಕ್ಕೆ ಉತ್ತರವಾಗದು. ಮೊದಲು ಸ್ವತಃ ಮಾಡುತ್ತಿದ್ದ ಕೆಲಸಕ್ಕೆ ಈಗ ಆಳಿಟ್ಟು ಎಷ್ಟು ಕೊಡುತ್ತಿದ್ದೀರಿ ಎಂಬುದನ್ನು ತಿಂಗಳವಾರು ಬರೆದಿಟ್ಟು, ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟಿರಬೇಕು.

ತೋಟದ ಕೆಲಸದಲ್ಲಿ ಆಗುವ ಅಪಘಾತದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮರಗಸಿ ಮಾಡುವಾಗ (ನೆರಳು ಮರದ ಕೊಂಬೆ ಸವರುವಾಗ) ಬಿದ್ದು ಸೊಂಟ ಮುರಿಯುವುದು, ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗುವುದು ಮೂಡಿಗೆರೆ, ಸಕಲೇಶಪುರದ ಕಡೆ ಹೊಸದಲ್ಲ. ಇಂಥದಕ್ಕೆ 1923ರಿಂದ ನೌಕರರ ಪರಿಹಾರ ಕಾನೂನಿದೆ, ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯ ಭಾಗ. ಮಾಲೀಕರ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಶಾಶ್ವತ ಪೂರ್ಣ ಊನಕ್ಕೆ ತಿಂಗಳ ಕೂಲಿಯ ಶೇ 60ನ್ನು ವಯಸ್ಸಿನ ಗುಣಾಂಕದಿಂದ ಗುಣಿಸುತ್ತಾರೆ. ಕೂಲಿಯ ಮಿತಿ 15,000, 40 ವರ್ಷಕ್ಕೆ ಗುಣಾಂಕ 184.17, ಅಲ್ಲಿಗೆ 16,57,530 ರೂಪಾಯಿ. ಭಾಗಶಃ ಊನಕ್ಕೆ ಗಳಿಕೆ ಎಷ್ಟು ಕುಗ್ಗಿತೋ ಅದರ ಪ್ರಮಾಣದಲ್ಲಿ. ಆಸ್ಪತ್ರೆಯ ನಿಜವಾದ ಖರ್ಚು ಇದರ ಮೇಲೆ. ಒಂದು ತಿಂಗಳು ಮೀರಿ ತಡಮಾಡಿದರೆ ಶೇ 12 ಬಡ್ಡಿ.

ಇದೇ ಕಾನೂನಿನಲ್ಲಿ ತಾತ್ಕಾಲಿಕ ಊನದ ಅವಧಿಗೆ ಪ್ರತಿ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ 25 ಕೊಡಬೇಕೆಂಬ ನಿಯಮವಿದೆ. ಅಂದರೆ ತಿಂಗಳಿಗೆ ಅರ್ಧ ಕೂಲಿ, ಹೆಚ್ಚೆಂದರೆ ಐದು ವರ್ಷದವರೆಗೆ. ನ್ಯೂಜಿಲೆಂಡಿನ ವಾರದ ಹಣಕ್ಕೆ ಅರ್ಧ ಶತಮಾನ ಮೊದಲೇ ನಮ್ಮ ಪುಸ್ತಕದಲ್ಲಿ ಇದ್ದ ಮಾತು ಇದು. ಲೈನ್ ಮನೆಯಲ್ಲಿ ಮಲಗಿರುವ ಆಳಿಗೆ ಈ ಹಕ್ಕನ್ನು ಹೇಳುವವರೇ ಇಲ್ಲ. ತೋಟದ ಲೆಕ್ಕ ನೋಡುವ ರೈಟರು ಕೈಗೆ ಐದೋ ಹತ್ತೋ ಸಾವಿರ ಕೊಟ್ಟು ‘ಹುಷಾರಾಗಿ ಬಾ’ ಎಂದು ಕಳಿಸಿದರೆ ಅದೇ ದೊಡ್ಡದೆಂದು ತಿಳಿದು ಊರಿಗೆ ಹೋಗುತ್ತಾರೆ. ಆ ಹಣ ತೆಗೆದುಕೊಳ್ಳಿ, ಆದರೆ ‘ಇನ್ನೇನೂ ಕೇಳುವುದಿಲ್ಲ’ ಎಂಬ ಚೀಟಿಗೆ ಹೆಬ್ಬೆಟ್ಟು ಒತ್ತಬೇಡಿ. ಪರಿಹಾರ ತೀರ್ಮಾನಿಸುವ ಅಧಿಕಾರಿಯ ಮುಂದೆ ಅರ್ಜಿಗೆ ಎರಡು ವರ್ಷ ಸಮಯವಿದೆ. ಪ್ಲಾಂಟರುಗಳಿಗೂ ನನ್ನದೊಂದು ಮಾತು: ಈ ಹೊಣೆಗೆಂದೇ ವಿಮಾ ಪಾಲಿಸಿ ಸಿಗುತ್ತದೆ. ತೋಟದ ಜೀಪಿಗೆ ವಿಮೆ ಕಟ್ಟುವವರು ಮರ ಹತ್ತುವವರಿಗೆ ಕಟ್ಟದಿರುವುದು ಸರಿಯಲ್ಲ.

ಕೊಯ್ಲಿನ ಕಾಲದಲ್ಲಿ ಆಳುಗಳನ್ನು ಪಿಕಪ್ಪಿನ ಹಿಂದೆ ನಿಲ್ಲಿಸಿ ಸಾಗಿಸುವುದು ಇನ್ನೊಂದು ಗಂಡಾಂತರ. ಸರಕು ವಾಹನದ ವಿಮೆ ಹಾಗೆ ಹತ್ತಿದ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ; ತನ್ನ ಸರಕಿನ ಜೊತೆ ಹೋಗುವ ಮಾಲೀಕ ಅಥವಾ ಆತನ ಪ್ರತಿನಿಧಿಗೆ ಮಾತ್ರ ರಕ್ಷಣೆ. ವಾಹನ ಮಗುಚಿದರೆ ಪರಿಹಾರದ ಹೊರೆ ಪಿಕಪ್ ಮಾಲೀಕನ ತಲೆಗೆ ಬರುತ್ತದೆ, ಆತನ ಬಳಿ ಇರುವುದು ಆ ಪಿಕಪ್ ಒಂದೇ. ಬೈಕಿನ ಹಿಂದೆ ಕೂತವರದೂ ಇದೇ ಗತಿ: ಬರಿಯ ಥರ್ಡ್ ಪಾರ್ಟಿ ಪಾಲಿಸಿಯಿರುವ ಬೈಕು ತಾನೇ ಸ್ಕಿಡ್ ಆಗಿ ಬಿದ್ದರೆ ಹಿಂದಿನ ಸವಾರರಿಗೆ ಆ ಪಾಲಿಸಿಯಿಂದ ಏನೂ ಬರದು. ಹೆಚ್ಚಿನ ರಕ್ಷಣೆ ಸೇರಿದ ಪ್ಯಾಕೇಜ್ ಪಾಲಿಸಿ ಇರಬೇಕು. ಬೈಕಿನ ಮಾಲೀಕನೇ ಓಡಿಸುತ್ತಿದ್ದು ಗಾಯಗೊಂಡರೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೊಂದೇ ಆಧಾರ, ಅದಕ್ಕೂ ಚಾಲ್ತಿಯಲ್ಲಿರುವ ಡ್ರೈವಿಂಗ್ ಲೈಸೆನ್ಸ್ ಬೇಕು.

ವಕೀಲರ ವಿಷಯ. ಬಂದ ಹಣದಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಆಸ್ಪತ್ರೆಯ ಬಾಗಿಲಲ್ಲಿ ಬಂದು ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವ ಮಧ್ಯವರ್ತಿಗಳಿಗೆ ಖಾಲಿ ಚೆಕ್ಕನ್ನಾಗಲಿ ಮೂಲ ಬಿಲ್ಲುಗಳನ್ನಾಗಲಿ ಕೊಡಬೇಡಿ. ಮಹಿಳೆಯರು, ಪರಿಶಿಷ್ಟರು, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಲೋಕ್ ಅದಾಲತ್‌ನಲ್ಲಿ ರಾಜಿಗೆ ಕರೆದರೆ ಮೇಲಿನ ಲೆಕ್ಕವನ್ನು ಮನೆಯಲ್ಲೇ ಹಾಕಿಕೊಂಡು ಹೋಗಿ, ಏಕೆಂದರೆ ಅಲ್ಲಿ ಒಪ್ಪಿದ ಮೊತ್ತಕ್ಕೆ ಮೇಲ್ಮನವಿ ಇಲ್ಲ. ನ್ಯಾಯಮಂಡಳಿಯ ತೀರ್ಪಾದರೆ ಹೈಕೋರ್ಟಿಗೆ ಹೋಗಲು 90 ದಿನ ಇರುತ್ತದೆ.

ನ್ಯೂಜಿಲೆಂಡನ್ನು ಎತ್ತಿ ತಂದು ಹಾಸನದಲ್ಲಿ ಇಡಿ ಎಂದು ನಾನು ಹೇಳುತ್ತಿಲ್ಲ. ನೋವಿಗೆ ಬೆಲೆ ಕೊಡುವ, ಗೃಹಿಣಿಯ ದುಡಿಮೆಯನ್ನು ಎಣಿಸುವ ನಮ್ಮ ಪದ್ಧತಿಯನ್ನು ಕಳೆದುಕೊಳ್ಳಬಾರದು. ಆದರೆ ಕೂಲಿಯ ಮಾತು ತಪ್ಪಿನ ಮಾತಿಗೆ ಕಾಯಬೇಕಾಗಿಲ್ಲ. ಯಾರ ತಪ್ಪೆಂಬುದನ್ನು ನ್ಯಾಯಮಂಡಳಿ ನಿಧಾನವಾಗಿಯೇ ತೀರ್ಮಾನಿಸಲಿ; ಗಂಭೀರ ಗಾಯವೆಂದು ಸರ್ಕಾರಿ ವೈದ್ಯರು ಬರೆದ ದಿನದಿಂದ ಹದಿನೈದು ದಿನಕ್ಕೊಮ್ಮೆ ಅರ್ಧ ಕೂಲಿಯಾದರೂ ವಿಮಾ ಕಂಪನಿಯಿಂದ ಬರಲಿ, ಕೊನೆಯ ಮೊತ್ತದಲ್ಲಿ ಕಳೆದುಕೊಳ್ಳಲಿ. ತಪ್ಪಿನ ಪ್ರಶ್ನೆಯಿಲ್ಲದೆ ಗಂಭೀರ ಗಾಯಕ್ಕೆ 2.5 ಲಕ್ಷ ಕೊಡುವ 164ನೇ ಕಲಮು ಈಗಲೂ ಇದೆ, ಆದರೆ ಅದನ್ನು ಪಡೆದರೆ 166ರ ಅರ್ಜಿ ಬಿಡಬೇಕಾಗುತ್ತದೆ. ಅದನ್ನು ಮುಂಗಡವಾಗಿ ಬದಲಿಸಿದರೆ ಅರ್ಧ ಕೆಲಸ ಆದಂತೆ. ಹಳೆಯ 140ನೇ ಕಲಮು ಹಾಗೆಯೇ ಇತ್ತು: ಗಂಭೀರವಾದ ಶಾಶ್ವತ ಊನಕ್ಕೆ 25 ಸಾವಿರ ಮೊದಲೇ ಬರುತ್ತಿತ್ತು, ಮುಖ್ಯ ಅರ್ಜಿಯೂ ನಡೆಯುತ್ತಿತ್ತು. 2019ರ ತಿದ್ದುಪಡಿ ಮೊತ್ತವನ್ನು ಹೆಚ್ಚಿಸಿ ಆ ದಾರಿಯನ್ನು ಮುಚ್ಚಿತು. ನಮ್ಮ ಸಂಸದರು ಕೇಳಬೇಕಾದದ್ದು ಅದನ್ನು ಮತ್ತೆ ತೆರೆಯಿರಿ ಎಂದು.